ಸಹಾಯ ಬೇಕು: ಪವಿತ್ರ ವಾರದಲ್ಲಿ ಅಮ್ಮನೊಂದಿಗೆ ಮಲಾಗಾ

ಎಲ್ಲರಿಗೂ ನಮಸ್ಕಾರ. 2027ರ ಈಸ್ಟರ್ ಮಾರ್ಚ್ 28ರಂದು ಬರುತ್ತದೆ. ಅದರ ಹಿಂದಿನ ವಾರ ಅಮ್ಮನನ್ನು ಸ್ಪೇನಿನ ಕರಾವಳಿ ನಗರ ಮಲಾಗಾಕ್ಕೆ ಕರೆದೊಯ್ಯುತ್ತಿದ್ದೇನೆ. ಅಲ್ಲಿ ವಾಸವಿರುವವರು, ಆ ವಾರ ಅಲ್ಲಿದ್ದು ಬಂದವರು ದಯವಿಟ್ಟು ದಾರಿ ತೋರಿಸಿ.

ಅಮ್ಮನಿಗೆ ಬುಧವಾರದ ಮೆರವಣಿಗೆಯ ಮೇಲೆಯೇ ಆಸೆ. ಅಂದು ‘ಎಲ್ ರಿಕೊ’ ಎಂದು ಕರೆಯುವ ಯೇಸುವಿನ ಪ್ರತಿಮೆ ಕೈ ಎತ್ತಿ ಜನರನ್ನು ಆಶೀರ್ವದಿಸುತ್ತದೆ. ಕ್ಷಮಾದಾನ ಪಡೆದ ಕೈದಿಯೊಬ್ಬರು ಬಿಡುಗಡೆಯಾಗುತ್ತಾರೆ. ಹದಿನೆಂಟನೆಯ ಶತಮಾನದ ಸ್ಪೇನಿನ ದೊರೆ ಮೂರನೆಯ ಕಾರ್ಲೋಸ್ ಕಾಲದಿಂದ ಬಂದದ್ದೆಂದು ಹೇಳುವ ಪದ್ಧತಿಯಿದು. ಅದನ್ನು ಕೇಳಿದಾಗಲೇ ಅಮ್ಮನ ಕಣ್ಣು ತುಂಬಿತ್ತು. ಪ್ರತಿಮೆಗಳನ್ನು ಹೊತ್ತ ದೊಡ್ಡ ‘ಟ್ರೋನೊ’ ಎಂಬ ಮಂಟಪಗಳನ್ನು ಇನ್ನೂರಕ್ಕೂ ಹೆಚ್ಚು ಜನ ಹೆಗಲ ಮೇಲೆ ಹೊತ್ತು, ಗಂಟೆಯ ಸದ್ದಿಗೆ ಎತ್ತಿ ಇಳಿಸುವುದನ್ನೂ ಹತ್ತಿರದಿಂದ ನೋಡಬೇಕಂತೆ.

ಆದರೆ ಅವರಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾರರು. ಮೆರವಣಿಗೆ ಸಾಗುವ ಲಾರಿಯೋಸ್ ಬೀದಿಯಲ್ಲಿ ನೋಡುಗರಿಗೆ ಹಾಕುವ ಕುರ್ಚಿಗಳು ಹೆಚ್ಚಾಗಿ ವಾರ್ಷಿಕ ಚಂದಾದಾರರಿಗೇ ಹೋಗುತ್ತವೆ ಎಂದು ಕೇಳಿದ್ದೇನೆ. ಹೊರಗಿನವರಿಗೆ ಸಿಗುವ ಕ್ರಮವೇನು? ಕ್ಯಾಥೆಡ್ರಲ್ ಎದುರಿನ ಬಿಷಪ್ ಚೌಕದ ಆಸುಪಾಸಿನಲ್ಲಿ ಕುಳಿತು ನೋಡಬಹುದಾದ ಜಾಗವಿದೆಯೇ? ಮೆರವಣಿಗೆ ನಡುರಾತ್ರಿ ದಾಟುತ್ತದೆ, ಆಗ ನಗರದ ನಡುವಿನ ಹಲವು ರಸ್ತೆಗಳು ಮುಚ್ಚಿರುತ್ತವೆ. ಹಳೆಯ ಪೇಟೆಯೊಳಗೇ ಕೋಣೆ ಹಿಡಿಯುವುದು ಒಳ್ಳೆಯದೋ, ನದಿಯಾಚೆ ಇರುವುದೋ?

ಗುರುವಾರ ಬೆಳಿಗ್ಗೆ ಸ್ಪೇನ್ ಸೇನೆಯ ‘ಸ್ಪ್ಯಾನಿಷ್ ಲೀಜನ್’ ಪಡೆಯ ಸೈನಿಕರು ಬಂದರಿನಲ್ಲಿ ಇಳಿಯುವುದನ್ನು ವಯಸ್ಸಾದವರು ನೂಕುನುಗ್ಗಲಿಲ್ಲದೆ ನೋಡಲಾದೀತೇ ಎಂಬುದನ್ನೂ ತಿಳಿಸಿ. ಕೋಣೆಗಳು ಬೇಗ ತುಂಬುತ್ತವೆ, ಹಾಗಾಗಿ ಈ ತಿಂಗಳೊಳಗೆ ಉತ್ತರ ಸಿಕ್ಕರೆ ದೊಡ್ಡ ಉಪಕಾರ.