ಬಿಎಸ್‌ಎ ಎಂ20: ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಕಾದು ನಿಂತರೆ ಮತ್ತೆ ಏಳುವುದಿಲ್ಲ

ಕಾಫಿಸೀಮೆ ಸವಾರ:

ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ತಯಾರಾದ ಬಿಎಸ್‌ಎ ಎಂ20 ಮೋಟಾರ್ ಸೈಕಲ್ಲೊಂದನ್ನು ಬಿಡಿಭಾಗಗಳಿಂದ ಜೋಡಿಸಿದ್ದೇನೆ. ಗರ್ಡರ್ ಫೋರ್ಕಿನ ಸಮೇತ ಫ್ರೇಮು ಸಕಲೇಶಪುರದ ಕಡೆಯ ಒಂದು ಎಸ್ಟೇಟಿನ ಗೋದಾಮಿನಲ್ಲಿ ಸಿಕ್ಕಿತು. ಎಂಜಿನ್ನಿನ ಕೆಳಭಾಗ ಕೊಯಮತ್ತೂರಿನಿಂದಲೂ, ಸಿಲಿಂಡರು ಮತ್ತು ಹೆಡ್ಡು ಬೇರೊಬ್ಬ ಸಂಗ್ರಾಹಕರಿಂದಲೂ ಬಂದವು. ಲ್ಯೂಕಸ್ ಮ್ಯಾಗ್‌ಡೈನೊ (ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಮತ್ತು ದೀಪಕ್ಕೆ ವಿದ್ಯುತ್ತು ಕೊಡುವ ಡೈನಮೊ ಒಟ್ಟಿಗಿರುವ ಘಟಕ) ಬೆಂಗಳೂರಿನ ಗುಜರಿಯಲ್ಲಿ ದೊರೆತದ್ದು; ಅದು ಮೊದಲು ಯಾವ ಗಾಡಿಯಲ್ಲಿತ್ತೋ ಮಾರಿದವರಿಗೂ ತಿಳಿದಿರಲಿಲ್ಲ. ಸಿಲಿಂಡರನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದೇನೆ, ವಾಲ್ವ್‌ಗಳನ್ನು ಗ್ರೈಂಡ್ ಮಾಡಿಸಿದ್ದೇನೆ.

ತಣ್ಣಗಿರುವಾಗ ಟಿಕ್ಲರ್ (ಕಾರ್ಬುರೇಟರಿಗೆ ಪೆಟ್ರೋಲು ತುಂಬಿಸುವ ಗುಂಡಿ) ಒತ್ತಿ, ಕಿಡಿ ತಡವಾಗಿ ಬೀಳುವಂತೆ ಇಗ್ನಿಷನ್ ಲಿವರನ್ನು ಸರಿಸಿ ಒದ್ದರೆ ಗಾಡಿ ತಕರಾರಿಲ್ಲದೆ ಸ್ಟಾರ್ಟ್ ಆಗುತ್ತದೆ. ಎಂಟು–ಹತ್ತು ಕಿಲೋಮೀಟರು ಚೆನ್ನಾಗಿಯೇ ಓಡಿ, ಏರು ಸಿಕ್ಕಿದ ಕೂಡಲೇ ಉಗ್ಗಲಾರಂಭಿಸುತ್ತದೆ. ಆಗ ಒಮ್ಮೆ ನಿಂತಿತೆಂದರೆ ಎಷ್ಟು ಒದ್ದರೂ ಏಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಎಗ್ಸಾಸ್ಟ್ ಪೈಪು ಸಿಲಿಂಡರಿನ ಹತ್ತಿರ ನೀಲಿಗಟ್ಟಿದೆ. ಹೊಸ ಪ್ಲಗ್ಗು ಹಾಕಿದ್ದಾಯಿತು, ಕಾರ್ಬುರೇಟರನ್ನು ಬಿಚ್ಚಿ ತೊಳೆದದ್ದಾಯಿತು, ಪೆಟ್ರೋಲ್ ಟ್ಯಾಪನ್ನೂ ಬದಲಿಸಿದ್ದಾಯಿತು. ಮನೆಯಲ್ಲಿ ಪ್ಲಗ್ಗು ಹೊರತೆಗೆದು ನೋಡಿದರೆ ಕಿಡಿ ಚೆನ್ನಾಗಿಯೇ ಕಾಣುತ್ತದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹುಬ್ಬಳ್ಳಿ ಗ್ಯಾರೇಜು:

ಪೆಟ್ರೋಲಿನ ಕಡೆಯಿಂದಲೇ ಹೊರಡುವುದು ಸುಲಭ. ಮುಂದಿನ ಸಲ ಗಾಡಿ ನಿಂತ ಕೂಡಲೇ, ಅದು ತಣಿಯುವ ಮುನ್ನವೇ, ಟ್ಯಾಂಕಿನ ಮುಚ್ಚಳ ತೆರೆದು ಟಿಕ್ಲರ್ ಒತ್ತಿ ನೋಡಿ. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲು ಇಳಿಯುವುದಿಲ್ಲ. ಮುಚ್ಚಳ ತೆರೆದೊಡನೆ ಫ್ಲೋಟ್ ಚೇಂಬರ್ ತುಂಬಿ ಚೆಲ್ಲಿದರೆ ರೋಗ ಅಲ್ಲಿಯೇ ಇದೆ. ಇದರ ಜೊತೆಗೆ, ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್ ಇರುವುದರಿಂದ ಕಾರ್ಬುರೇಟರಿನ ಹಳೆಯ ಜೆಟ್ಟಿನಲ್ಲಿ (ಪೆಟ್ರೋಲು ಹಾಯುವ ಸಣ್ಣ ರಂಧ್ರದಲ್ಲಿ) ಮಿಶ್ರಣ ತುಸು ತೆಳುವಾಗುತ್ತದೆ, ಎಂಜಿನ್ನು ಹೆಚ್ಚು ಕಾಯುತ್ತದೆ. ಕಾರ್ಬುರೇಟರಿನ ನೀಡಲನ್ನು ಒಂದು ಗೀರು ಮೇಲೆತ್ತಿ ನೋಡಬಹುದು.

ಸೈಡ್‌ವಾಲ್ವ್ ಮೈಸೂರು:

ಮೇಲಿನವರು ಹೇಳಿದ ಪರೀಕ್ಷೆಯನ್ನು ಮೊದಲು ಮಾಡಿ; ಅದಕ್ಕೆ ಒಂದು ನಿಮಿಷ ಸಾಕು. ಆದರೆ ನಿಮ್ಮ ವಿವರಣೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಕಿಡಿಯನ್ನು ನೀವು ನೋಡಿದ್ದು ಮನೆಯಲ್ಲಿ, ಎಂಜಿನ್ನು ತಣ್ಣಗಿದ್ದಾಗ. ಕಾದಾಗ ಮಾತ್ರ ಬರುವ ರೋಗವನ್ನು ತಣಿದ ಮೇಲೆ ಹುಡುಕಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ನೀವು ಒಂದಾದ ಮೇಲೊಂದು ಹೊಸ ಭಾಗ ಕೊಳ್ಳುತ್ತಾ ಹೋಗುತ್ತೀರಿ. ಪ್ಲಗ್ ಸ್ಪ್ಯಾನರು, ಫೀಲರ್ ಗೇಜು ಮತ್ತು ಒಂದು ಹೆಚ್ಚುವರಿ ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡು ಹೊರಡಿ. ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಯೇ, ರಸ್ತೆಯ ಪಕ್ಕದಲ್ಲಿಯೇ, ಮೂರು ಸಂಗತಿಗಳನ್ನು ನೋಡಿ: ಪೆಟ್ರೋಲು ಇಳಿಯುತ್ತಿದೆಯೇ, ಕಿಕ್ ಒತ್ತಿದಾಗ ಕಂಪ್ರೆಷನ್ ಕಾಲಿಗೆ ತಗಲುತ್ತಿದೆಯೇ, ಹೆಚ್ಚುವರಿ ಪ್ಲಗ್ಗಿನಲ್ಲಿ ಬರುವ ಕಿಡಿ ಯಾವ ಬಣ್ಣದ್ದು.

ಕಂಪ್ರೆಷನ್ ಇಲ್ಲದಿದ್ದರೆ ಅನುಮಾನ ಎಗ್ಸಾಸ್ಟ್ ವಾಲ್ವಿನ ಮೇಲೆ. ಸೈಡ್‌ವಾಲ್ವ್ ಎಂಜಿನ್ನಿನಲ್ಲಿ ಎಗ್ಸಾಸ್ಟ್ ವಾಲ್ವು ಸಿಲಿಂಡರಿನ ಮೈಗೆ ಅಂಟಿಕೊಂಡೇ ಇರುವುದರಿಂದ ಆ ಭಾಗ ಬಹಳ ಕಾಯುತ್ತದೆ. ವಾಲ್ವಿನ ಕಾಂಡ ಉದ್ದವಾಗಿ, ಅದನ್ನು ಮೇಲೆತ್ತುವ ಟ್ಯಾಪೆಟ್ಟಿನೊಂದಿಗಿನ ಅಂತರ ಮುಚ್ಚಿಹೋದರೆ ವಾಲ್ವು ತನ್ನ ಸೀಟಿನ ಮೇಲೆ ಕೂರುವುದಿಲ್ಲ, ತಣಿದ ಮೇಲೆ ಮತ್ತೆ ಕೂರುತ್ತದೆ. ಎಂ20ಕ್ಕೆ ತಣ್ಣಗಿರುವಾಗ ಇನ್ಲೆಟ್ಟಿಗೆ 10 ಥೌ (ಒಂದು ಥೌ ಎಂದರೆ ಅಂಗುಲದ ಸಾವಿರದ ಒಂದು ಭಾಗ), ಎಗ್ಸಾಸ್ಟಿಗೆ 12 ಥೌ ಅಂತರ ಇರಬೇಕು. ಹ್ಯಾಂಡಲ್ಲಿನಲ್ಲಿರುವ, ಎಗ್ಸಾಸ್ಟ್ ವಾಲ್ವನ್ನು ಎತ್ತಿಹಿಡಿಯುವ ವಾಲ್ವ್ ಲಿಫ್ಟರಿನ ಕೇಬಲ್ಲಿನಲ್ಲಿ ಸಡಿಲವೇ ಇಲ್ಲದಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. ಅದನ್ನು ಯಾರೂ ನೋಡುವುದಿಲ್ಲ.

ನೀಲಿಗಟ್ಟಿದ ಪೈಪು ಹೇಳುತ್ತಿರುವುದು ಟೈಮಿಂಗಿನ, ಅಂದರೆ ಕಿಡಿ ಬೀಳುವ ಹೊತ್ತಿನ, ವಿಷಯ ಎಂದು ನನ್ನ ಊಹೆ. ಕಿಡಿ ತಡವಾಗಿ ಬಿದ್ದರೆ ಬೆಂಕಿ ಸಿಲಿಂಡರಿನಲ್ಲಿ ಮಾಡಬೇಕಾದ ಕೆಲಸವನ್ನು ಎಗ್ಸಾಸ್ಟ್ ಪೋರ್ಟಿನಲ್ಲಿ ಮಾಡುತ್ತದೆ. ಟೈಮಿಂಗ್ ಮುಟ್ಟುವ ಮುನ್ನ ನಿಮ್ಮ ಎಂಜಿನ್ನು ನಿಜವಾಗಿಯೂ ಎಂ20 ಹೌದೇ ಎಂದು ಖಚಿತಪಡಿಸಿಕೊಳ್ಳಿ. ಎಂ20 ಮತ್ತು ಎಂ21 ಎರಡಕ್ಕೂ ಬೋರು 82 ಮಿ.ಮೀ.; ಆದರೆ 496 ಸಿ.ಸಿ.ಯ ಎಂ20ರಲ್ಲಿ ಸ್ಟ್ರೋಕು 94 ಮಿ.ಮೀ. ಇದ್ದರೆ, 591 ಸಿ.ಸಿ.ಯ ಎಂ21ರಲ್ಲಿ 112 ಮಿ.ಮೀ. ಇರುತ್ತದೆ. ಬೇರೆಬೇರೆ ಕಡೆಯಿಂದ ಬಂದ ಭಾಗಗಳಲ್ಲಿ ಇಂತಹ ಬೆರಕೆ ಅಪರೂಪವಲ್ಲ. ಹೆಡ್ಡು ತೆಗೆದು ಪಿಸ್ಟನ್ನಿನ ಪಯಣವನ್ನು ಡೆಪ್ತ್ ಗೇಜಿನಿಂದ ಅಳೆದರೆ ಉತ್ತರ ಸಿಗುತ್ತದೆ. ಸಂಖ್ಯೆಯನ್ನೂ ಓದಿ: ಯುದ್ಧಕಾಲದ ಎಂಜಿನ್ನಿನ ಮೇಲೆ ಡಬ್ಲ್ಯುಎಂ20 ಎಂಬ ಗುರುತಿರುತ್ತದೆ, ಯುದ್ಧಾನಂತರದ್ದರ ಮೇಲೆ ಎಕ್ಸ್‌ಎಂ20, ವೈಎಂ20, ಝಡ್‌ಎಂ20. ಎಂಜಿನ್ ಸಂಖ್ಯೆಯೂ ಫ್ರೇಮ್ ಸಂಖ್ಯೆಯೂ ಹೊಂದುವುದಿಲ್ಲವೆಂದು ಚಿಂತಿಸಬೇಡಿ. ಯುದ್ಧದ ವರ್ಷಗಳಲ್ಲಿ ತಯಾರಾದ 1,26,000ದಷ್ಟು ಎಂ20ಗಳಲ್ಲಿ ಅವು ಕಾರ್ಖಾನೆಯಿಂದ ಹೊರಟಾಗಲೇ ಬೇರೆಬೇರೆಯಾಗಿದ್ದವು, ಆಮೇಲೆ ಸೈನ್ಯದ ವರ್ಕ್‌ಶಾಪುಗಳಲ್ಲಿ ಎಂಜಿನ್ನುಗಳು ಇನ್ನಷ್ಟು ಅದಲುಬದಲಾದವು. ಹೊಂದುವ ಸಂಖ್ಯೆಗೆ ಹೆಚ್ಚು ಹಣ ಕೇಳುವವರನ್ನೇ ನಾನು ಅನುಮಾನದಿಂದ ನೋಡುತ್ತೇನೆ.

ಇನ್ನು ಟೈಮಿಂಗ್. ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ನು ತುತ್ತತುದಿಗಿಂತ 7/16 ಅಂಗುಲ, ಅಂದರೆ ಸುಮಾರು 11 ಮಿ.ಮೀ. ಕೆಳಗಿರುವಾಗ ಮ್ಯಾಗ್ನೆಟೊದ ಪಾಯಿಂಟು (ತೆರೆದಾಗ ಕಿಡಿ ಹುಟ್ಟಿಸುವ ಸ್ವಿಚ್ಚು) ತೆರೆಯಲು ತೊಡಗಬೇಕು. ಆ ಹೊತ್ತಿಗೆ ಇಗ್ನಿಷನ್ ಪೂರ್ತಿ ಅಡ್ವಾನ್ಸಿನಲ್ಲಿ (ಕಿಡಿ ಅತಿ ಬೇಗ ಬೀಳುವ ಸ್ಥಾನದಲ್ಲಿ) ಇರಬೇಕು. ಪಾಯಿಂಟಿನ ಅಂತರವನ್ನು ಮೊದಲೇ 12 ಥೌಗೆ ಹೊಂದಿಸಿಕೊಳ್ಳಿ, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಗುಜರಿಯ ಮ್ಯಾಗ್ನೆಟೊದಲ್ಲಿ ತೊಡಕಾಗುವುದು ‘ಪೂರ್ತಿ ಅಡ್ವಾನ್ಸು’ ಯಾವ ತುದಿ ಎಂಬಲ್ಲಿ. ಕೆಲವು ಮ್ಯಾಗ್ನೆಟೊಗಳಲ್ಲಿ ಕೇಬಲ್ ಎಳೆದಾಗ ಅಡ್ವಾನ್ಸ್ ಆಗುತ್ತದೆ, ಕೆಲವದರಲ್ಲಿ ಸಡಿಲ ಬಿಟ್ಟಾಗ. ಲಿವರನ್ನು ನಂಬದೆ ಪಾಯಿಂಟನ್ನು ತೆರೆಸುವ ಕ್ಯಾಮ್ ರಿಂಗನ್ನು ನೋಡಿ: ಆರ್ಮೇಚರ್ (ಮ್ಯಾಗ್ನೆಟೊದೊಳಗಿನ ಸುರುಳಿಯ ಭಾಗ) ತಿರುಗುವ ದಿಕ್ಕಿಗೆ ಎದುರಾಗಿ ರಿಂಗು ಸರಿದಷ್ಟೂ ಪಾಯಿಂಟು ಬೇಗ ತೆರೆಯುತ್ತದೆ, ಅದೇ ಅಡ್ವಾನ್ಸು. ತೆರೆಯುವ ಕ್ಷಣವನ್ನು ಹಿಡಿಯಲು ಪಾಯಿಂಟುಗಳ ನಡುವೆ ಸಿಗರೇಟು ಸುತ್ತುವ ತೆಳ್ಳನೆಯ ಕಾಗದವಿಟ್ಟು ಮೆಲ್ಲಗೆ ಎಳೆಯುತ್ತಿರಿ. ಅದು ಜಾರಿದ ಕ್ಷಣವೇ ಲೆಕ್ಕ.

ಕಾಫಿಸೀಮೆ ಸವಾರ:

ಇಬ್ಬರಿಗೂ ಧನ್ಯವಾದ. ಹೇಳಿದಂತೆಯೇ ಮಾಡಿದೆ.

ಗಾಡಿ ನಿಂತಾಗ ಪೆಟ್ರೋಲು ಸರಾಗವಾಗಿ ಇಳಿಯುತ್ತಿತ್ತು, ಮುಚ್ಚಳ ತೆರೆದರೂ ಮುಚ್ಚಿದರೂ ವ್ಯತ್ಯಾಸ ಕಾಣಲಿಲ್ಲ. ಕಂಪ್ರೆಷನ್ ಕಾಲಿಗೆ ಚೆನ್ನಾಗಿಯೇ ಸಿಕ್ಕಿತು. ಟ್ಯಾಪೆಟ್ ಅಂತರಗಳು ನೀವು ಹೇಳಿದಷ್ಟೇ ಇವೆ, ಲಿಫ್ಟರ್ ಕೇಬಲ್ಲೂ ಸಡಿಲವಾಗಿದೆ. ಸ್ಟ್ರೋಕು 94 ಮಿ.ಮೀ.; ಎಂಜಿನ್ನಿನ ಮೇಲೆ ಡಬ್ಲ್ಯುಎಂ20 ಎಂಬ ಗುರುತು ಸ್ಪಷ್ಟವಾಗಿದೆ.

ಈ ಮ್ಯಾಗ್ನೆಟೊದಲ್ಲಿ ಕೇಬಲ್ ಎಳೆದಾಗ ಅಡ್ವಾನ್ಸ್ ಆಗುತ್ತದೆ. ನಿಜವಾದ ಪೂರ್ತಿ ಅಡ್ವಾನ್ಸಿನಲ್ಲಿ ಅಳೆದಾಗ ಪಾಯಿಂಟು ತೆರೆಯುತ್ತಿದ್ದುದು 8 ಮಿ.ಮೀ.ಗೆ. ಮ್ಯಾಗ್ನೆಟೊ ಗಿಯರನ್ನು ಅದರ ಟೇಪರಿನಿಂದ ಬಿಡಿಸಿ 11 ಮಿ.ಮೀ.ಗೆ ಸರಿಪಡಿಸಿದ ಮೇಲೆ ಎಳೆತ ಹೆಚ್ಚಿದೆ, ಪೈಪು ಮೊದಲಿನಷ್ಟು ಕಾಯುತ್ತಿಲ್ಲ, ಏರಿನಲ್ಲಿ ಮೂರನೆಯ ಗೇರಿನಲ್ಲಿಯೇ ಹತ್ತುತ್ತದೆ. ಆದರೂ ಮೂಲ ಸಮಸ್ಯೆ ಹಾಗೆಯೇ ಉಳಿದಿದೆ: ತುಸು ಹೆಚ್ಚು ದೂರ ಹೋಗಿ ನಿಲ್ಲುತ್ತದೆ, ಅಷ್ಟೇ. ನಿಂತಾಗ ನೋಡಿದ ಕಿಡಿ ತೆಳ್ಳಗೆ, ಹಳದಿಯಾಗಿ, ಒಂದು ಮಿಲಿಮೀಟರನ್ನೂ ಸರಿಯಾಗಿ ದಾಟದಂತಿತ್ತು. ಅದೇ ಪ್ಲಗ್ಗಿನಲ್ಲಿ ಮನೆಗೆ ಬಂದು ತಣಿದ ಮೇಲೆ ದಪ್ಪ ನೀಲಿ ಕಿಡಿ ಬರುತ್ತದೆ. ಮ್ಯಾಗ್ನೆಟೊವನ್ನೇ ಬಿಚ್ಚಬೇಕೇ, ಅಥವಾ ಹೊರಗಿನಿಂದಲೇ ನೋಡಬಹುದಾದದ್ದು ಇನ್ನೇನಾದರೂ ಇದೆಯೇ?

ಸೈಡ್‌ವಾಲ್ವ್ ಮೈಸೂರು:

ಈಗ ಹುಡುಕುವ ಜಾಗ ಬಹಳ ಕಿರಿದಾಯಿತು. ಹೊರಗಿನಿಂದ ನೋಡಬೇಕಾದದ್ದು ಸ್ವಲ್ಪವಿದೆ. ಮ್ಯಾಗ್ನೆಟೊದಿಂದ ಪ್ಲಗ್ ವೈರಿಗೆ ವಿದ್ಯುತ್ತು ಒಯ್ಯುವ ಪಿಕಪ್ಪನ್ನು ಬಿಚ್ಚಿ ಅದರಲ್ಲಿ ಸೀಳು ಬಿಟ್ಟಿದೆಯೇ, ಕಾರ್ಬನ್ ಬ್ರಷ್ಷು ಸರಾಗವಾಗಿ ಆಡುತ್ತದೆಯೇ ನೋಡಿ. ಆ ಬ್ರಷ್ಷು ಉಜ್ಜುವ ಸ್ಲಿಪ್ ರಿಂಗಿಗೆ ಎಣ್ಣೆ, ಕಾರ್ಬನ್ ಪುಡಿ ಮೆತ್ತಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಪಿಕಪ್ಪಿನ ರಂಧ್ರದ ಮೂಲಕವೇ ಒರೆಸಬಹುದು. ಪ್ಲಗ್ ವೈರು ತಾಮ್ರದ ತಂತಿಯದೇ ಇರಲಿ. ಕಾರಿನ ಕಾರ್ಬನ್ ವೈರು ಬೇಡ.

ಅದೆಲ್ಲ ಸರಿಯಿದ್ದರೆ ಪಾಯಿಂಟಿನಲ್ಲಿ ಕಿಡಿಯಾಗದಂತೆ ತಡೆಯುವ ಕಂಡೆನ್ಸರನ್ನು ಹಿಡಿಯಿರಿ. ಅದಕ್ಕೊಂದು ಸುಲಭದ ಪರೀಕ್ಷೆ ಇದೆ: ಗಾಡಿ ಕಾದು ನಿಂತಾಗ, ಕತ್ತಲಲ್ಲಿ, ಪಾಯಿಂಟಿನ ಮುಚ್ಚಳ ತೆಗೆದು ಇನ್ನೊಬ್ಬರಿಂದ ಒದೆಸಿ ನೋಡಿ. ಪಾಯಿಂಟುಗಳ ನಡುವೆ ಕಣ್ಣಿಗೆ ಹೊಡೆಯುವಂತಹ ಕಿಡಿ ಕಂಡರೆ ಕಂಡೆನ್ಸರು ತನ್ನ ಕೆಲಸ ಬಿಟ್ಟಿದೆ ಎಂದೇ ಅರ್ಥ. ಪಾಯಿಂಟು ತೆರೆದ ಕ್ಷಣದಲ್ಲಿ ಪ್ರೈಮರಿ ಸುರುಳಿಯ ವಿದ್ಯುತ್ತು ಥಟ್ಟನೆ ನಿಲ್ಲಬೇಕು. ಹಾಗೆ ನಿಂತಾಗ ಮಾತ್ರ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ. ಕಂಡೆನ್ಸರಿನ ಒಳಪದರ ಹಳತಾಗಿ ಸೋರತೊಡಗಿದರೆ ಪ್ರೈಮರಿಯ ಶಕ್ತಿಯೆಲ್ಲ ಪಾಯಿಂಟಿನಲ್ಲಿಯೂ ಆ ಸೋರಿಕೆಯಲ್ಲಿಯೂ ಕಳೆದುಹೋಗುತ್ತದೆ. ಎಂಬತ್ತು ವರ್ಷದ ಹಳೆಯ ಕಂಡೆನ್ಸರಿನಲ್ಲಿ ಈ ಸೋರಿಕೆ ಬಿಸಿಯೊಂದಿಗೆ ಹೆಚ್ಚುತ್ತದೆ, ತಣಿದಾಗ ಕಡಿಮೆಯಾಗುತ್ತದೆ. ನಿಮ್ಮ ಗಾಡಿಯ ಲಕ್ಷಣ ಅಕ್ಷರಶಃ ಇದೇ.

ಈ ಕಂಡೆನ್ಸರು ಆರ್ಮೇಚರಿನ ಒಳಗೇ, ಒಂದು ತುದಿಯಲ್ಲಿ ಕೂತಿರುವುದರಿಂದ ಆರ್ಮೇಚರನ್ನು ಹೊರತೆಗೆಯಲೇಬೇಕು. ಎಳೆಯುವ ಮುನ್ನ ಪಿಕಪ್ಪು, ಅರ್ಥ್ ಬ್ರಷ್ಷು ಮತ್ತು ಸೇಫ್ಟಿ ಗ್ಯಾಪ್ ಸ್ಕ್ರೂ ಮೂರನ್ನೂ ಬಿಚ್ಚಿರಬೇಕು. ಇವುಗಳಲ್ಲಿ ಒಂದು ಉಳಿದರೂ ಸ್ಲಿಪ್ ರಿಂಗಿನ ಅಂಚು ಚಟ್ಟನೆ ಮುರಿಯುತ್ತದೆ. ಆರ್ಮೇಚರ್ ಹೊರಬಂದ ಕೂಡಲೇ ಅದರ ಜಾಗದಲ್ಲಿ ಮೆತು ಕಬ್ಬಿಣದ ತುಂಡೊಂದನ್ನು ಕಾಂತಧ್ರುವಗಳಿಗೆ ಅಡ್ಡವಾಗಿ ಇಟ್ಟುಬಿಡಿ, ಇಲ್ಲದಿದ್ದರೆ ಕಾಂತದ ಬಲ ಕುಂದಬಹುದು. ಸುರುಳಿಯ ಮೇಲಿನ ಅರಗು ಕರಗಿ ಅಂಟಂಟಾಗಿದ್ದರೆ ಕಂಡೆನ್ಸರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಪೂರ್ತಿ ಮರುಸುತ್ತು ಮಾಡಿಸಿ. ಸುರುಳಿ ಗಟ್ಟಿಯಾಗಿದ್ದು, ಪ್ರೈಮರಿ ಅರ್ಧ ಓಮಿನ ಆಸುಪಾಸು, ಸೆಕೆಂಡರಿ ಐದು ಸಾವಿರ ಓಮಿನ ಆಸುಪಾಸು ತೋರಿಸಿದರೆ ಅದನ್ನು ಬಿಸಿಲಿನಲ್ಲೋ ಒಲೆಯ ಪಕ್ಕದಲ್ಲೋ ಚೆನ್ನಾಗಿ ಕಾಯಿಸಿ ಇನ್ನೊಮ್ಮೆ ಅಳೆಯಿರಿ. ಆಗಲೂ ಹಾಗೆಯೇ ಇದ್ದರೆ ಸುರುಳಿಯನ್ನು ಉಳಿಸಿಕೊಳ್ಳಬಹುದು. ಹೊಸ ಕಂಡೆನ್ಸರು 0.15ರಿಂದ 0.2 ಮೈಕ್ರೊಫ್ಯಾರಡ್ಡಿನದಿರಲಿ, ಕೆಲವು ನೂರು ವೋಲ್ಟು ತಡೆಯುವಂತಹದಿರಲಿ. ಮೊಪೆಡ್ಡಿನ ಕಂಡೆನ್ಸರನ್ನು ಹೊರಗೆ ವೈರಿನಲ್ಲಿ ನೇತುಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ: ಒಳಗಿನ ಸೋರುವ ಕಂಡೆನ್ಸರು ಸರ್ಕ್ಯೂಟಿನಲ್ಲಿ ಉಳಿದಿರುವವರೆಗೆ ಅದಕ್ಕೆ ಸಮಾಂತರವಾಗಿ ಎಷ್ಟು ಹೊಸತು ಸೇರಿಸಿದರೂ ಸೋರಿಕೆ ನಿಲ್ಲುವುದಿಲ್ಲ.

ಆರ್ಮೇಚರ್ ಹೊರಗಿರುವಾಗಲೇ ಇನ್ನೊಂದನ್ನು ಗಮನಿಸಿ. ಈ ಮ್ಯಾಗ್ನೆಟೊ ಎದುರು ದಿಕ್ಕಿನಲ್ಲಿ ತಿರುಗುವ ಎಂಜಿನ್ನಿಗಾಗಿ ತಯಾರಾದದ್ದಾಗಿದ್ದರೆ ಕಾಂತಬಲ ಉತ್ತುಂಗದಲ್ಲಿರುವ ಕ್ಷಣಕ್ಕೂ ಪಾಯಿಂಟು ತೆರೆಯುವ ಕ್ಷಣಕ್ಕೂ ತಾಳೆಯಾಗದೆ ಕಿಡಿ ಸದಾ ಬಡಕಲಾಗಿರುತ್ತದೆ. ತಣ್ಣಗಿದ್ದಾಗ ನಿಮಗೆ ದಪ್ಪ ಕಿಡಿ ಬರುತ್ತಿರುವುದರಿಂದ ಆ ಸಾಧ್ಯತೆ ಕಡಿಮೆ.

ಕಾಫಿಸೀಮೆ ಸವಾರ:

ಕತ್ತಲಿನ ಪರೀಕ್ಷೆಯಲ್ಲಿ ಪಾಯಿಂಟು ಬೆಳಗಿದ್ದನ್ನು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಸುರುಳಿ ಗಟ್ಟಿಯಾಗಿಯೇ ಇತ್ತು, ಕಾಯಿಸಿ ಅಳೆದಾಗಲೂ ಓಮುಗಳು ಬದಲಾಗಲಿಲ್ಲ. ಆರ್ಮೇಚರ್ ಸುತ್ತುವ ಅನುಭವಿಯೊಬ್ಬರ ಬಳಿ ಕಂಡೆನ್ಸರ್ ಬದಲಿಸಿ, ಬೇರಿಂಗ್ ಹಾಕಿಸಿ, ಕಾಂತಕ್ಕೆ ಮರುಬಲ ತುಂಬಿಸಿದೆ. ಈಗ ಗಾಡಿ ಕಾದಿರುವಾಗಲೇ ಆರಿಸಿ ಒದ್ದರೂ ಏಳುತ್ತದೆ; ಸಕಲೇಶಪುರದಿಂದ ಮೂಡಿಗೆರೆಗೆ ಹೋಗಿ ಬಂದರೂ ಒಮ್ಮೆಯೂ ಉಗ್ಗಲಿಲ್ಲ.

ಉಳಿದಿರುವುದು ಒಂದೇ ತೊಂದರೆ. ವಾರ ನಿಂತರೆ ಆಯಿಲ್ ಟ್ಯಾಂಕಿನ ಎಣ್ಣೆ ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸಿಗೆ ಇಳಿದು, ಸ್ಟಾರ್ಟ್ ಮಾಡಿದಾಗ ಬೀದಿ ತುಂಬ ಹೊಗೆಯಾಗುತ್ತದೆ. ಎಣ್ಣೆಯ ಪೈಪಿಗೆ ಒಂದು ಟ್ಯಾಪು ಹಾಕಿಸಿಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ.

ಹುಬ್ಬಳ್ಳಿ ಗ್ಯಾರೇಜು:

ಟ್ಯಾಪು ಬೇಡವೇ ಬೇಡ. ಒಂದು ದಿನ ಅದನ್ನು ತೆರೆಯದೆ ಹೊರಟರೆ ಬಿಗ್ ಎಂಡು (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗು) ಹೋಗುತ್ತದೆ, ಮ್ಯಾಗ್ನೆಟೊಗೆ ಹಾಕಿದ ಖರ್ಚಿನ ಹಲವು ಪಟ್ಟು ಅದಕ್ಕಾಗುತ್ತದೆ. ಎಣ್ಣೆ ಇಳಿಯದಂತೆ ತಡೆಯಲು ಎಂಜಿನ್ನಿನಲ್ಲಿಯೇ ಸ್ಪ್ರಿಂಗಿನ ಮೇಲೆ ಕೂರುವ ಗುಂಡಿನ ವಾಲ್ವಿದೆ. ಅದರ ಸೀಟಿನಲ್ಲಿ ಕಸ ಕೂತಿರುತ್ತದೆ, ಇಲ್ಲವೇ ಸ್ಪ್ರಿಂಗು ಸೋತಿರುತ್ತದೆ. ಸೀಟನ್ನು ಶುಚಿಗೊಳಿಸಿ, ಹೊಸ ಉಕ್ಕಿನ ಗುಂಡನ್ನಿಟ್ಟು ಹಿತ್ತಾಳೆಯ ಕಡ್ಡಿಯಿಂದ ಮೆಲ್ಲಗೆ ಒಮ್ಮೆ ತಟ್ಟಿ ಕೂರಿಸಿ, ಸ್ಪ್ರಿಂಗು ಬದಲಿಸಿ. ಪಂಪಿನ ಗಿಯರುಗಳು ಸವೆದಿದ್ದರೆ ಅಲ್ಲಿಂದಲೂ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಬಹಳ ದಿನ ನಿಲ್ಲಿಸಿದ ಮೇಲೆ ಹೊರಡುವ ಮುನ್ನ ಕ್ರ್ಯಾಂಕ್‌ಕೇಸಿನ ಅಡಿಯ ನಟ್ಟು ಬಿಚ್ಚಿ, ಇಳಿದ ಎಣ್ಣೆಯನ್ನು ಸೋಸಿ ಟ್ಯಾಂಕಿಗೆ ಹಾಕಿ. ಸ್ಟಾರ್ಟ್ ಆದೊಡನೆ ಆಯಿಲ್ ಟ್ಯಾಂಕಿನ ಮುಚ್ಚಳ ತೆರೆದು, ಹಿಂತಿರುಗುವ ಪೈಪಿನಿಂದ ಎಣ್ಣೆ ಬೀಳುತ್ತಿರುವುದನ್ನು ಕಣ್ಣಾರೆ ನೋಡಿಯೇ ಗೇರು ಹಾಕಿ. ಅದು ಬೀಳದಿದ್ದರೆ ಎಂಜಿನ್ ಆರಿಸಿ, ತಳದಲ್ಲಿರುವ ಹೀರುಪೈಪಿನೊಳಗೆ ತೆಳು ತಂತಿ ತೂರಿಸಿ ಅಲ್ಲಿನ ಗುಂಡು ಅಂಟಿಕೊಂಡಿದೆಯೇ ನೋಡಿ.