ಮಳೆಗಾಲದಲ್ಲಿ ಲಾಳ ನಿಲ್ಲುತ್ತಿಲ್ಲ, ಎಂಡ್ಯೂರೆನ್ಸ್ ಕುದುರೆ ಸಾಕಿದವರು ಹೇಳಿ

ಸೋಮವಾರಪೇಟೆ ಹತ್ತಿರ ನಮ್ಮ ತೋಟ. ಒಂದು ಮಾರ್ವಾಡಿ ತಳಿಯ ಹೆಣ್ಣು ಕುದುರೆ ಇದೆ. ಮಳೆ ಕಳೆದ ಮೇಲೆ 40 ಕಿಲೋಮೀಟರ್ ಎಂಡ್ಯೂರೆನ್ಸ್ ಸವಾರಿಗೆ, ಅಂದರೆ ದೂರದ ಸವಾರಿ ಸ್ಪರ್ಧೆಗೆ, ಇಳಿಸಬೇಕು ಅಂತ ಆಸೆ. ಆದರೆ ಮಳೆ ಹಿಡಿದಾಗಿನಿಂದ ಮುಂಗಾಲಿನ ಲಾಳ ಪದೇ ಪದೇ ಕಳಚಿಕೊಳ್ಳುತ್ತಿದೆ. ಮೊಳೆ ಹೊಡೆದ ಜಾಗದಲ್ಲಿ ಗೊರಸು ಚೂರಾಗಿ ಉದುರುತ್ತಿದೆ. ಅಲ್ಯೂಮಿನಿಯಂ ಲಾಳ ಹಾಕಿಸಲಾ? ಲಾಳವೇ ಬೇಡ್ವಾ? ಗೊರಸಿಗೆ ತೊಡಿಸುವ ಬೂಟು ಒಳ್ಳೆಯದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ವಿರಾಜಪೇಟೆಯಿಂದ:

ಯಾವ ಲಾಳ ಅನ್ನೋದನ್ನು ಆಮೇಲೆ ನೋಡೋಣ. ಮೊದಲು ಗೊರಸು ಒಣಗಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕುದುರೆ ಹಗಲೂ ರಾತ್ರಿ ಒದ್ದೆಯಲ್ಲೇ ನಿಂತಿರುತ್ತದೆ. ನೀರು ಕುಡಿದ ಗೊರಸು ಮೆತ್ತಗಾಗುತ್ತದೆ, ಮೊಳೆಗೆ ಹಿಡಿತ ಸಿಗುವುದಿಲ್ಲ. ನಡುವೆ ಎರಡು ದಿನ ಬಿಸಿಲು ಬಂದರೆ ಒಣಗಿ ಬಿರಿಯುತ್ತದೆ, ಮತ್ತೆ ನೆನೆಯುತ್ತದೆ. ಬಿದ್ದ ಲಾಳವನ್ನು ಮತ್ತೆ ಮತ್ತೆ ಹೊಡೆಸಿದರೆ ತೂತು ಜಾಸ್ತಿಯಾಗುತ್ತದೆ ಅಷ್ಟೇ.

ಕಾಫಿ ಕಣ ಈಗ ಖಾಲಿ ಇರುತ್ತದೆ ಅಲ್ವಾ? ಅದರ ಒಂದು ಮೂಲೆಗೆ ಶೀಟು ಹೊದಿಸಿ, ಭತ್ತದ ಹೊಟ್ಟು ದಪ್ಪಗೆ ಹರಡಿ, ರಾತ್ರಿ ಅಲ್ಲೇ ಕಟ್ಟಿ. ಅಷ್ಟು ಹೊತ್ತು ಕಾಲು ಒಣಗಿದರೂ ದೊಡ್ಡ ಉಪಕಾರ.

ದಿನಾ ಎರಡು ಹೊತ್ತು ಕಾಲೆತ್ತಿ ನೋಡಿ. ಹೂಫ್ ಪಿಕ್ (ಗೊರಸು ಕೆರೆಯುವ ಕೊಕ್ಕೆ) ಅನ್ನು ಹಿಮ್ಮಡಿಯಿಂದ ಮುಂದಕ್ಕೆ ಎಳೆಯಿರಿ. ಗೊರಸಿನ ಅಡಿಯಲ್ಲಿ ವಿ ಆಕಾರದ ಮೆತ್ತಗಿನ ಭಾಗ ಇದೆಯಲ್ಲ, ಫ್ರಾಗ್ ಅಂತಾರೆ, ಅದರ ಎರಡೂ ಪಕ್ಕದ ಸಂದು ಪೂರ್ತಿ ಖಾಲಿಯಾಗಬೇಕು. ಅಲ್ಲಿಂದ ಕಪ್ಪಗೆ ಜಿಗುಟಾಗಿ ಏನಾದರೂ ಬಂದು, ಕೊಳೆತ ವಾಸನೆ ಹೊಡೆದರೆ ಅದು ಥ್ರಷ್, ಫ್ರಾಗ್ ಕೊಳೆಯುವ ರೋಗ. ತೊಳೆದು, ಒರೆಸಿ, ತೆಳು ಮಾಡಿದ ಪೊವಿಡೋನ್ ಅಯೋಡಿನ್‌ನಲ್ಲಿ ಹತ್ತಿ ಅದ್ದಿ ಸಂದಿಗೆ ಒತ್ತಿ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತು ಮನೆಯಲ್ಲಿದೆ ಅಂತ ಗಟ್ಟಿಯಾಗಿ ಕದಡಿ ಸುರಿಯಬೇಡಿ. ಹಸಿ ಚರ್ಮವನ್ನು ಸುಟ್ಟುಬಿಡುತ್ತದೆ.

ಹಾಗೇ ಗೊರಸಿನ ಹೊರಮೈ ಮೇಲೆ ಅಂಗೈ ಸವರಿ. ಮಡಚಿದ ಮೊಳೆತುದಿಗಳು ನುಣ್ಣಗೆ ಕೂತಿರಬೇಕು. ಒಂದು ತುದಿ ಎದ್ದು ಕೈಗೆ ಚುಚ್ಚಿದರೂ ಲಾಳ ಸಡಿಲವಾಗುತ್ತಿದೆ ಅಂತ ಅರ್ಥ. ಅದು ಬಿದ್ದ ದಿನ ನೋಡುವುದಕ್ಕಿಂತ ಇದು ಎಷ್ಟೋ ವಾಸಿ, ಯಾಕೆಂದರೆ ಲಾಳ ಬೀಳುವಾಗ ಗೊರಸಿನ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ.

ಇನ್ನು ಲಾಳದವರ ವಿಷಯ. ನಮ್ಮ ಜಿಲ್ಲೆಯಲ್ಲಿ ಸಿಗುವವರು ಕಡಿಮೆ. ನಾವು ಮೈಸೂರಿನಿಂದ ಕರೆಸುತ್ತೇವೆ, ಹಾಗಾಗಿ ದಿನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಾಗೆ ಬಿಡಬೇಡಿ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಎರಡು ತಿಂಗಳು ದಾಟಿದರೆ ಮುಂತುದಿ ಉದ್ದವಾಗಿ, ಹಿಮ್ಮಡಿ ಕುಸಿದು, ಹಿಂದಿನ ಸ್ನಾಯುರಜ್ಜು ಎಳೆದುಕೊಳ್ಳುತ್ತದೆ. ನಮ್ಮ ಇಳಿಜಾರಿನಲ್ಲಿ ಓಡುವ ಕುದುರೆಗೆ ಅದು ತುಂಬಾ ಕೆಟ್ಟದ್ದು. 5ರಿಂದ 6 ವಾರಕ್ಕೊಮ್ಮೆ ಮಾಡಿಸಿ, ಮುಂದಿನ ದಿನಾಂಕವನ್ನು ಅವರು ಹೊರಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಅಕ್ಕಪಕ್ಕದ ಎರಡು ಮೂರು ತೋಟದವರು ಸೇರಿ ಕರೆಸಿದರೆ ಅವರಿಗೂ ಬರಲು ಮನಸ್ಸಾಗುತ್ತದೆ.

ಅಲ್ಯೂಮಿನಿಯಂ ಹಗುರ, ನಿಜ. ಆದರೆ ಟಾರು, ಜಲ್ಲಿ ಮೇಲೆ ಬೇಗ ಸವೆಯುತ್ತದೆ. ರೇಸಿಗೆ ಸರಿ. ನಿಮಗೆ ಉಕ್ಕಿನದೇ ಇರಲಿ. ಲಾಳದ ಮುಂತುದಿ ಸ್ವಲ್ಪ ಗುಂಡಗಿರಲಿ, ಹೆಜ್ಜೆ ಸುಲಭವಾಗಿ ಏಳುತ್ತದೆ. ದೂರದ ಸವಾರಿಗೆ ಅಂತ ಲಾಳದವರಿಗೆ ಮೊದಲೇ ಬಿಡಿಸಿ ಹೇಳಿ.

ಕುಶಾಲನಗರದಿಂದ:

ಅಣ್ಣ ಹೇಳಿದ್ದು ಸರಿ. ಭತ್ತದ ಹೊಟ್ಟಿಗೆ ಬದಲು ಕಾಫಿ ಸಿಪ್ಪೆ ಹಾಕುವ ಆಸೆ ಮಾತ್ರ ಬೇಡ. ಕುದುರೆ ಹಾಸಿದ್ದನ್ನು ಮೆಲ್ಲುತ್ತದೆ. ಸಿಪ್ಪೆಯಲ್ಲಿ ಕೆಫೀನ್ ಇದೆ, ಸ್ಪರ್ಧೆಯ ಕುದುರೆಗೆ ಅದು ನಿಷಿದ್ಧ.

ನಮ್ಮದು ಲಾಳ ಇಲ್ಲದ ಕುದುರೆ, ಕಲ್ಲುದಾರಿಗೆ ಬೂಟು. ನಮ್ಮ ಕಡೆ ಮಳೆ ಕಡಿಮೆ, ಅದಕ್ಕೇ ನಡೆಯುತ್ತಿದೆ. ನಿಮ್ಮ ಕಡೆಯ ಕೆಸರು ಬೂಟಿನೊಳಗೆ ಹೋದರೆ ಹಿಮ್ಮಡಿ ಉಜ್ಜಿ ಗಾಯವಾಗುತ್ತದೆ. ಅಲ್ಲದೆ ಲಾಳ ಬಿಚ್ಚಿದ ಕೂಡಲೇ ಗೊರಸು ಗಟ್ಟಿಯಾಗುವುದಿಲ್ಲ. ಮೇಲಿನ ರೋಮದ ಅಂಚಿನಿಂದ ಮುಂತುದಿ ನೆಲ ಮುಟ್ಟುವಷ್ಟು ಹೊಸ ಗೊರಸು ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಗೊರಸಿಗೆ ಅಂತ ಬಯೋಟಿನ್ ವಿಟಮಿನ್ ಕೊಟ್ಟರೂ ಅಷ್ಟೇ, ಅದರ ಫಲ ಹೊಸದಾಗಿ ಬೆಳೆಯುವ ಭಾಗದಲ್ಲೇ ಕಾಣುವುದು. ಈ ಸಲದ ಸವಾರಿಗೆ ಲಾಳದಲ್ಲೇ ಹೋಗಿ.

ಜಲ್ಲಿಗೆ ಹೆದರಿ ಲಾಳದ ಕೆಳಗೆ ಪ್ಯಾಡ್ ಹಾಕಿಸಿದರೆ ಸವಾರಿ ಮುಗಿದ ಮೇಲೆ ತೆಗೆಸಿಬಿಡಿ. ಮಳೆಗಾಲದಲ್ಲಿ ಒಳಗೆ ನೀರು ನಿಂತು ಥ್ರಷ್ ಬರುತ್ತದೆ.

ಸ್ಪರ್ಧೆಯಲ್ಲಿ ಪ್ರತಿ ಹಂತದಲ್ಲೂ ಪಶುವೈದ್ಯರು ಎದೆಬಡಿತ ಎಣಿಸುತ್ತಾರೆ, ಆಮೇಲೆ ಕುದುರೆಯನ್ನು ಟ್ರಾಟ್ ಮಾಡಿಸಿ, ಅಂದರೆ ಮೆಲ್ಲಗೆ ಓಡಿಸಿ, ನೋಡುತ್ತಾರೆ. ಬಡಿತ ನಿಮಿಷಕ್ಕೆ 64ಕ್ಕೆ ಇಳಿಸುವುದರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಜಾಸ್ತಿ ಕುದುರೆಗಳು ಹೊರಬೀಳುವುದು ಕುಂಟಿನಿಂದ. ಹಾಗಾಗಿ ಹೊಸ ಲಾಳವನ್ನು ಹಿಂದಿನ ದಿನ ಹೊಡೆಸಬೇಡಿ. ವಾರ, ಹತ್ತು ದಿನ ಮುಂಚೆ ಆಗಲಿ. ಮೊಳೆ ಒತ್ತುತ್ತಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.

ಕೇಳಿದವರಿಂದ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲಾಳ ಹೊಡೆದು ಮೂರು ದಿನ ಆಯ್ತು. ಇವತ್ತು ಬೆಳಿಗ್ಗೆಯಿಂದ ಬಲ ಮುಂಗಾಲು ಊರುತ್ತಿಲ್ಲ. ಆ ಗೊರಸು ಬಿಸಿ ಇದ್ದ ಹಾಗಿದೆ. ಸುಮ್ನೆ ಎರಡು ದಿನ ಬಿಟ್ಟು ನೋಡಲಾ?

ವಿರಾಜಪೇಟೆಯಿಂದ:

ಬಿಡಬೇಡಿ. ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ, ಎರಡೂ ಪಕ್ಕಕ್ಕೆ ಬೆರಳಿಟ್ಟು ನಾಡಿ ನೋಡಿ. ಆರಾಮಾಗಿರುವ ಕುದುರೆಯಲ್ಲಿ ಅದು ಹುಡುಕಿದರೂ ಸರಿಯಾಗಿ ಸಿಗುವುದಿಲ್ಲ. ಬೆರಳಿಗೆ ಹೊಡೆಯುವ ಹಾಗೆ ಬಡಿಯುತ್ತಿದ್ದರೆ, ಅದೂ ಆ ಒಂದೇ ಕಾಲಲ್ಲಿ, ಒಳಗೆ ಕೀವು ಕಟ್ಟಿರಬಹುದು. ಮೊಳೆ ಒಳಪದರಕ್ಕೆ ತಾಗಿರಲೂಬಹುದು. ಇವತ್ತೇ ಪಶುವೈದ್ಯರನ್ನು ಕರೆಸಿ, ಲಾಳ ಬಿಚ್ಚಿಸಿ. ಮೊಳೆಗಳನ್ನು ಒಂದೊಂದಾಗಿ ಕೀಳಿಸಿ, ಪ್ರತಿಯೊಂದನ್ನೂ ನೋಡಿ, ಮೂಸಿ. ಒದ್ದೆಯಾಗಿ ಕಪ್ಪಗೆ ನಾರುವ ಮೊಳೆ ಯಾವ ತೂತಿನದು ಅಂತ ವೈದ್ಯರಿಗೆ ತೋರಿಸಿ, ಕೀವು ಅಲ್ಲೇ ಇರುತ್ತದೆ. ಧನುರ್ವಾಯು ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಪುಸ್ತಕ ತೆಗೆದು ಈಗಲೇ ನೋಡಿಡಿ, ಅವರು ಕೇಳುತ್ತಾರೆ. ಕುದುರೆಗೆ ಅದು ಬೇಗ ತಗಲುತ್ತದೆ. ಸಂಜೆ ಏನಾಯಿತು ಅಂತ ಬರೆಯಿರಿ.