ಸಹಾಯ ಬೇಕು: ಆಸ್ತಮಾ ರೋಗಿಗಳ ದಾಖಲೆಗಳಲ್ಲಿ ಇನ್ಹೇಲರ್ ಎಣಿಸುವುದು ಹೇಗೆ?

ನಮಸ್ಕಾರ. ಇಂಗ್ಲೆಂಡಿನ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿನಲ್ಲಿ ಫಾರ್ಮಸಿಸ್ಟ್ ಆಗಿರುವ ನಾನು, ವರ್ಷಕ್ಕೆ 6 ಅಥವಾ ಹೆಚ್ಚು ಸಾಲ್ಬುಟಮಾಲ್ ಇನ್ಹೇಲರ್ (ಉಸಿರಾಟವನ್ನು ತಕ್ಷಣ ಸರಾಗಗೊಳಿಸುವ ನೀಲಿ ಇನ್ಹೇಲರ್) ಪಡೆಯುವ ಆಸ್ತಮಾ ರೋಗಿಗಳನ್ನು ದಾಖಲೆಗಳಿಂದ ಹುಡುಕಿ ತೆಗೆಯುತ್ತಿದ್ದೇನೆ. ನೀಲಿ ಇನ್ಹೇಲರನ್ನೇ ನೆಚ್ಚಿಕೊಂಡವರಲ್ಲಿ ಶ್ವಾಸನಾಳದ ಉರಿಯೂತ ಹಾಗೆಯೇ ಉಳಿಯುವುದರಿಂದ ಅವರನ್ನು ಮೊದಲು ಕರೆಸಲೇಬೇಕು. ಹಾಗೆ ಕರೆಸಿದಾಗ, ರಭಸವಾಗಿ ಉಸಿರೆಳೆಯಬಲ್ಲವರಿಗೆ ಅನಿಲ ಚಿಮ್ಮಿಸುವ ಇನ್ಹೇಲರಿನ ಬದಲು ಪುಡಿಯ ಇನ್ಹೇಲರ್ ಕೊಟ್ಟರೆ ಹಸಿರುಮನೆ ಅನಿಲವೂ ತಗ್ಗುತ್ತದೆ.

ಆದರೆ ನಾವು ಕಂಪ್ಯೂಟರಿನಲ್ಲಿ ರಚಿಸಿದ ಹುಡುಕಾಟವು ಔಷಧ ಚೀಟಿಗಳನ್ನಷ್ಟೇ ಎಣಿಸುತ್ತದೆ, ಇನ್ಹೇಲರ್‌ಗಳನ್ನಲ್ಲ. 4 ಚೀಟಿಗಳಲ್ಲಿ ಎರಡೆರಡರಂತೆ 8 ಇನ್ಹೇಲರ್ ಪಡೆದವರು, ಅಂದರೆ ನಿಜಕ್ಕೂ ಅಪಾಯದಲ್ಲಿರುವವರೇ, ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಮಿತಿಯನ್ನು 3 ಚೀಟಿಗೆ ಇಳಿಸಿದಾಗ ಪಟ್ಟಿ ವಿಪರೀತ ಉದ್ದವಾಯಿತು. ಪ್ರಮಾಣವನ್ನೇ ಕೂಡಿಸೋಣವೆಂದರೆ, ಕೆಲವು ದಾಖಲೆಗಳಲ್ಲಿ ‘1 ಇನ್ಹೇಲರ್’ ಎಂದೂ ಕೆಲವದರಲ್ಲಿ ‘200 ಡೋಸ್’ (ಅದೂ ಒಂದು ಇನ್ಹೇಲರಿನಷ್ಟೇ) ಎಂದೂ ಇರುವುದರಿಂದ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ.

ಈ ಎರಡು ಬಗೆಯ ನಮೂದುಗಳನ್ನು ಒಂದೇ ಅಳತೆಗೆ ತಂದು, ರೋಗಿಯೊಬ್ಬರು 12 ತಿಂಗಳಲ್ಲಿ ಪಡೆದ ಒಟ್ಟು ಇನ್ಹೇಲರ್‌ಗಳನ್ನು ಎಣಿಸುವ ಹುಡುಕಾಟವನ್ನು ನಿಮ್ಮ ಕ್ಲಿನಿಕ್ಕುಗಳಲ್ಲಿ ಹೇಗೆ ರಚಿಸಿದ್ದೀರಿ?